ಕಚೇರಿ ಕಂಪ್ಯೂಟರ್‌ನ ಖಾಸಗಿತನದ ಪರದೆ: ಮರೆಮಾಡುವ ಮೊದಲು ಉತ್ತರಿಸಿ

2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ ಮುಗಿದ ಮೇಲೆ, ಹಳೆಯ ಯಂತ್ರಗಳನ್ನು ಬದಲಿಸುವ ಕೆಲಸ ಕರಾವಳಿಯ ಕಚೇರಿಗಳಿಗೂ ಬಂದಿದೆ. ಮಂಗಳೂರಿನಲ್ಲಿ ಕೇಂದ್ರ ಕಚೇರಿಯಿದ್ದು ಪುತ್ತೂರು, ಬಂಟ್ವಾಳ, ಕಾರ್ಕಳ, ಕುಂದಾಪುರಗಳಲ್ಲಿ ಶಾಖೆಗಳಿರುವ ಸಹಕಾರಿ ಸಂಘವಾಗಲಿ, ಬೈಕಂಪಾಡಿಯ ಕಾರ್ಖಾನೆಯಾಗಲಿ, ಉಡುಪಿಯ ಆಸ್ಪತ್ರೆಯಾಗಲಿ, ಹತ್ತಿಪ್ಪತ್ತು ಕಂಪ್ಯೂಟರ್‌ಗಳು ಒಟ್ಟಿಗೆ ಬಂದಾಗ ಒಂದೊಂದನ್ನೇ ಕೈಯಿಂದ ಸಿದ್ಧಪಡಿಸುತ್ತ ಕೂರುವುದು ಯಾರಿಗೂ ಸಾಧ್ಯವಿಲ್ಲ. ಆದ್ದರಿಂದ ಇನ್‌ಸ್ಟಾಲೇಶನ್ ತಾನಾಗಿಯೇ ನಡೆಯುವಂತೆ ಮಾಡುತ್ತಾರೆ. ಹಾಗೆ ಮಾಡಿದರೂ ಕೊನೆಯಲ್ಲಿ ಖಾಸಗಿತನದ ಆಯ್ಕೆಗಳನ್ನು ಕೇಳುವ ಪರದೆಯೊಂದು ಬಂದು ನಿಲ್ಲುತ್ತದೆ ಮತ್ತು ಯಾರಾದರೂ ಬಂದು ‘ಅಕ್ಸೆಪ್ಟ್’ ಒತ್ತುವವರೆಗೆ ಯಂತ್ರ ಮುಂದೆ ಹೋಗುವುದಿಲ್ಲ.

ಈ ಪರದೆಯನ್ನು ಬಾರದಂತೆ ಮಾಡುವುದು ಕಷ್ಟವಲ್ಲ. ಆದರೆ ಪರದೆ ಬಾರದಿದ್ದ ಮಾತ್ರಕ್ಕೆ ಅದು ಕೇಳುತ್ತಿದ್ದ ಪ್ರಶ್ನೆಗಳು ಇಲ್ಲವಾಗುವುದಿಲ್ಲ. ಯಾರೂ ಉತ್ತರಿಸದಿದ್ದಾಗ ವಿಂಡೋಸ್ ತನ್ನದೇ ಪೂರ್ವನಿಯೋಜಿತ ಉತ್ತರವನ್ನು ಹಿಡಿಯುತ್ತದೆ. ಪರದೆಯನ್ನು ಮರೆಮಾಡುವವರು ಆ ಎಲ್ಲ ಪ್ರಶ್ನೆಗಳಿಗೂ ತಾವೇ ಉತ್ತರ ಬರೆದಿಡಬೇಕು, ಏನು ಉತ್ತರಿಸಿದ್ದೇವೆ ಎಂಬುದನ್ನು ಕಂಪ್ಯೂಟರ್ ಬಳಸುವವರಿಗೆ ತಿಳಿಸಬೇಕು. ನನ್ನ ದೃಷ್ಟಿಯಲ್ಲಿ ಈ ಎರಡು ಕೆಲಸಗಳು ಇಲ್ಲದೆ ಪರದೆಯನ್ನು ಮರೆಮಾಡುವುದು ಅರ್ಧ ಕೆಲಸ. ಹೀಗಾಗಿ ಈ ಮಾರ್ಗದರ್ಶಿ ಅವೆರಡನ್ನೂ ಸೇರಿಸಿಕೊಂಡೇ ಹೋಗುತ್ತದೆ.

ಒಂದು ಸೂಚನೆ: ಸೆಟ್ಟಿಂಗ್‌ಗಳ, ಕಡತಗಳ ಹೆಸರುಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲಿ ಕೊಟ್ಟಿದ್ದೇನೆ. ಯಂತ್ರದಲ್ಲಿ ಅವನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು. ರಿಜಿಸ್ಟ್ರಿ (ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಇಟ್ಟುಕೊಳ್ಳುವ ಜಾಗ) ಮೌಲ್ಯಗಳ ಹಾಗೂ ಆನ್ಸರ್ ಫೈಲ್‌ನ (ಸೆಟಪ್ ಪ್ರಶ್ನೆಗಳಿಗೆ ಉತ್ತರ ಬರೆದಿಟ್ಟ ಕಡತ) ಹೆಸರುಗಳಲ್ಲಿ ಪದಗಳ ನಡುವೆ ಜಾಗ ಬಿಡಬಾರದು.

ಪರದೆ ಒಂದಲ್ಲ, ಎರಡು

ಹೆಚ್ಚಿನವರು ಎಡವುವುದು ಇಲ್ಲಿಯೇ. ಖಾಸಗಿತನದ ಪ್ರಶ್ನೆಗಳು ಎರಡು ಬೇರೆ ಬೇರೆ ಸಂದರ್ಭಗಳಲ್ಲಿ ಬರುತ್ತವೆ. ಮೊದಲನೆಯದು, ಹೊಸ ಯಂತ್ರವನ್ನು ಮೊದಲ ಬಾರಿ ಚಾಲೂ ಮಾಡಿದಾಗ ದೇಶ, ಕೀಬೋರ್ಡ್, ವೈ-ಫೈ, ಖಾತೆ ಎಂದೆಲ್ಲ ಕೇಳುವ ಸರಣಿಯ ಭಾಗವಾಗಿ ಬರುತ್ತದೆ. ಇದು ಯಂತ್ರಕ್ಕೆ ಒಂದೇ ಬಾರಿ. ಎರಡನೆಯದು, ಆ ಯಂತ್ರದಲ್ಲಿ ಹೊಸ ಬಳಕೆದಾರರೊಬ್ಬರು ಮೊದಲ ಸಲ ಲಾಗಿನ್ ಆದಾಗ ಬರುತ್ತದೆ, ಕೆಲವು ಸಂದರ್ಭಗಳಲ್ಲಿ ವಿಂಡೋಸ್‌ನ ದೊಡ್ಡ ಅಪ್‌ಗ್ರೇಡ್ ಆದ ಬಳಿಕವೂ ಬರುತ್ತದೆ. ಒಂದೇ ಕೌಂಟರ್ ಯಂತ್ರವನ್ನು ಬೆಳಗ್ಗೆ ಒಬ್ಬರು, ಮಧ್ಯಾಹ್ನ ಮತ್ತೊಬ್ಬರು ಬಳಸುವ ಶಾಖೆಗಳಲ್ಲಿ ಈ ಎರಡನೆಯ ಪರದೆಯೇ ಹೆಚ್ಚು ತೊಂದರೆ ಕೊಡುತ್ತದೆ, ಏಕೆಂದರೆ ಎದುರಿಗೆ ಸದಸ್ಯರು ಪಾಸ್‌ಬುಕ್ ಹಿಡಿದು ನಿಂತಿರುವಾಗ ಯಾರೂ ಅದನ್ನು ಓದುವುದಿಲ್ಲ. ಕಣ್ಣಿಗೆ ಬಿದ್ದ ನೀಲಿ ಗುಂಡಿಯನ್ನು ಒತ್ತಿ ಮುಂದೆ ಹೋಗುತ್ತಾರೆ. ಮೊದಲನೆಯದಕ್ಕೆ ಮದ್ದು ಆನ್ಸರ್ ಫೈಲ್, ಎರಡನೆಯದಕ್ಕೆ ಗ್ರೂಪ್ ಪಾಲಿಸಿ, ಅಂದರೆ ಯಂತ್ರಗಳ ಸೆಟ್ಟಿಂಗ್‌ಗಳನ್ನು ಸಂಸ್ಥೆಯೇ ನಿಗದಿ ಮಾಡುವ ವಿಂಡೋಸ್ ಸೌಲಭ್ಯ. ಒಂದನ್ನು ಮಾಡಿ ಇನ್ನೊಂದನ್ನು ಬಿಟ್ಟರೆ ಪರದೆ ಮತ್ತೆ ಮತ್ತೆ ಕಾಣಿಸುತ್ತದೆ.

ಮೊದಲು ಉತ್ತರಗಳನ್ನು ನಿರ್ಧರಿಸಿ

ವಿಂಡೋಸ್ 11ರ ಪರದೆ ಕೇಳುವುದು ಆರು ವಿಷಯಗಳನ್ನು: ಲೊಕೇಶನ್, ಫೈಂಡ್ ಮೈ ಡಿವೈಸ್, ಡಯಾಗ್ನಾಸ್ಟಿಕ್ ಡೇಟಾ, ಇಂಕಿಂಗ್ ಅಂಡ್ ಟೈಪಿಂಗ್, ಟೇಲರ್ಡ್ ಎಕ್ಸ್‌ಪೀರಿಯನ್ಸಸ್, ಅಡ್ವರ್ಟೈಸಿಂಗ್ ಐಡಿ. ಯಾವ ಕಡತವನ್ನೂ ಬರೆಯುವ ಮೊದಲು ಸಂಸ್ಥೆಯ ಕಾರ್ಯದರ್ಶಿಯವರನ್ನೋ ವ್ಯವಸ್ಥಾಪಕರನ್ನೋ ಕೂರಿಸಿಕೊಂಡು ಈ ಆರಕ್ಕೂ ಉತ್ತರ ಪಡೆದು ಕಾಗದದಲ್ಲಿ ಬರೆದಿಡಿ. ಇದು ಕಂಪ್ಯೂಟರ್ ವಿಭಾಗ ಒಬ್ಬರೇ ತೆಗೆದುಕೊಳ್ಳುವ ನಿರ್ಧಾರವಲ್ಲ.

ಡಯಾಗ್ನಾಸ್ಟಿಕ್ ಡೇಟಾದ ಮೇಲೆ ಹೆಚ್ಚು ಗಮನ ಬೇಕು. ಇದರಲ್ಲಿ ಯಂತ್ರ ಸುರಕ್ಷಿತವಾಗಿ ನಡೆಯಲು ಅಗತ್ಯವಾದ ಕನಿಷ್ಠ ಮಾಹಿತಿ ಒಂದು ಹಂತ. ಯಾವ ಆ್ಯಪ್‌ಗಳನ್ನು ಹೇಗೆ ಬಳಸುತ್ತಾರೆ, ಯಾವ ಜಾಲತಾಣಗಳಿಗೆ ಹೋಗುತ್ತಾರೆ ಎಂಬುದನ್ನೂ ಒಳಗೊಳ್ಳಬಹುದಾದ ಐಚ್ಛಿಕ ಮಾಹಿತಿ ಇನ್ನೊಂದು ಹಂತ. ಸಾಲದ ಅರ್ಜಿ, ಆಧಾರ್ ವಿವರ, ರೋಗಿಯ ಚೀಟಿ ಹಾದುಹೋಗುವ ಯಂತ್ರದಲ್ಲಿ ಐಚ್ಛಿಕ ಹಂತ ಬೇಕೇ ಎಂದು ಕೇಳಿದರೆ ಬೇಡವೆಂಬುದೇ ನನ್ನ ಸ್ಪಷ್ಟ ಅಭಿಪ್ರಾಯ. ಇದನ್ನು ನಿಯಂತ್ರಿಸುವ ರಿಜಿಸ್ಟ್ರಿ ಮೌಲ್ಯದ ಹೆಸರು ‘ಅಲೌ ಟೆಲಿಮೆಟ್ರಿ’. ಅದಕ್ಕೆ 1 ಕೊಟ್ಟರೆ ಕನಿಷ್ಠ ಮಾಹಿತಿ ಮಾತ್ರ, 3 ಕೊಟ್ಟರೆ ಐಚ್ಛಿಕವೂ ಸೇರಿ ಎಲ್ಲವೂ ಹೋಗುತ್ತದೆ. ಪೂರ್ತಿ ನಿಲ್ಲಿಸುವ 0 ಎಂಬ ಬೆಲೆ ಎಂಟರ್‌ಪ್ರೈಸ್, ಎಜುಕೇಶನ್ ಹಾಗೂ ಸರ್ವರ್ ಆವೃತ್ತಿಗಳಲ್ಲಿ ಮಾತ್ರ ನಡೆಯುತ್ತದೆ. ಪ್ರೊ ಆವೃತ್ತಿಯಲ್ಲಿ 0 ಬರೆದರೂ ಅದು 1ರಂತೆಯೇ ವರ್ತಿಸುತ್ತದೆ. ನಮ್ಮಲ್ಲಿನ ಸಣ್ಣ ಸಂಸ್ಥೆಗಳು ಕೊಳ್ಳುವುದು ಹೆಚ್ಚಾಗಿ ಪ್ರೊ ಆವೃತ್ತಿಯನ್ನೇ ಆದ್ದರಿಂದ, ‘ಏನೂ ಹೊರಗೆ ಹೋಗುವುದಿಲ್ಲ’ ಎಂದು ಆಡಳಿತ ಮಂಡಳಿಗೆ ಮಾತು ಕೊಡಬೇಡಿ.

ಲೊಕೇಶನ್ ವಿಷಯದಲ್ಲಿ ಎಲ್ಲ ಯಂತ್ರಗಳಿಗೂ ಒಂದೇ ಉತ್ತರ ಸರಿಯಲ್ಲ. ಗೋಡೆಯ ಪಕ್ಕ ಕೂತಿರುವ ಕೌಂಟರ್ ಕಂಪ್ಯೂಟರ್‌ಗೆ ತನ್ನ ಸ್ಥಳ ಹೇಳಬೇಕಾದ ಅಗತ್ಯವೇ ಇಲ್ಲ. ಜಮೀನು ಪರಿಶೀಲನೆಗೋ ವಸೂಲಿಗೋ ಹೊರಗೆ ಹೋಗುವವರ ಲ್ಯಾಪ್‌ಟಾಪ್‌ನಲ್ಲಿ ನಕ್ಷೆ ಬೇಕಾಗಬಹುದು, ಆದರೆ ಅದನ್ನು ಒಮ್ಮೆ ಚಾಲೂ ಇಟ್ಟರೆ ಕಚೇರಿ ಸಮಯದ ಆಚೆಗೂ ಅದು ಚಾಲೂ ಇರುತ್ತದೆ ಎಂಬುದನ್ನು ಆ ಸಿಬ್ಬಂದಿಗೆ ಮೊದಲೇ ಹೇಳಿರಬೇಕು. ಲೊಕೇಶನ್ ಆಫ್ ಮಾಡಿದರೆ ವಿಂಡೋಸ್ ಸಮಯ ವಲಯವನ್ನು ತಾನಾಗಿ ಗುರುತಿಸಲಾರದು. ಅದನ್ನು ‘ಇಂಡಿಯಾ ಸ್ಟ್ಯಾಂಡರ್ಡ್ ಟೈಮ್’ ಎಂದು ಆನ್ಸರ್ ಫೈಲ್‌ನಲ್ಲೇ ನಿಗದಿ ಮಾಡಿ. ಯಂತ್ರದ ಗಡಿಯಾರ ತಪ್ಪಿದರೆ ಡೊಮೇನ್ (ಕಚೇರಿಯ ಯಂತ್ರ, ಖಾತೆಗಳನ್ನು ಒಂದೆಡೆಯಿಂದ ನಿರ್ವಹಿಸುವ ಜಾಲ) ಲಾಗಿನ್ನೂ ಕೆಡುತ್ತದೆ.

ಟೈಪ್ ಮಾಡಿದ ಪದಗಳ ಮಾದರಿಯನ್ನು ಮೈಕ್ರೋಸಾಫ್ಟ್‌ಗೆ ಕಳಿಸುವ ಇಂಕಿಂಗ್ ಅಂಡ್ ಟೈಪಿಂಗ್‌ಗೆ ‘ಇಲ್ಲ’ ಎನ್ನಿ, ಗ್ರಾಹಕರ ಹೆಸರು, ವಿಳಾಸಗಳನ್ನು ದಿನವಿಡೀ ಟೈಪ್ ಮಾಡುವ ಕಚೇರಿಯಲ್ಲಿ ಬೇರೆ ಉತ್ತರವಿಲ್ಲ. ಜಾಹೀರಾತಿಗಾಗಿ ಬಳಕೆದಾರರನ್ನು ಗುರುತಿಸುವ ಅಡ್ವರ್ಟೈಸಿಂಗ್ ಐಡಿ, ಡಯಾಗ್ನಾಸ್ಟಿಕ್ ಡೇಟಾ ನೋಡಿ ಸಲಹೆ, ಜಾಹೀರಾತು ತೋರಿಸುವ ಟೇಲರ್ಡ್ ಎಕ್ಸ್‌ಪೀರಿಯನ್ಸಸ್ ಎರಡೂ ಕಚೇರಿಗೆ ಅನಗತ್ಯ. ಫೈಂಡ್ ಮೈ ಡಿವೈಸ್ ಕೆಲಸ ಮಾಡುವುದು ವೈಯಕ್ತಿಕ ಮೈಕ್ರೋಸಾಫ್ಟ್ ಖಾತೆಯೊಂದಿಗೆ. ಕಚೇರಿ ಖಾತೆಯಲ್ಲಿ ಅದರಿಂದ ಪ್ರಯೋಜನವಿಲ್ಲದ್ದರಿಂದ ಅದನ್ನೂ ಆಫ್ ಮಾಡಬಹುದು.

ಮೊದಲ ಪರದೆ: ಆನ್ಸರ್ ಫೈಲ್

ವಿಂಡೋಸ್ ಇನ್‌ಸ್ಟಾಲ್ ಆಗುವಾಗ ಕೇಳುವ ಪ್ರಶ್ನೆಗಳಿಗೆ ಉತ್ತರಗಳನ್ನು ಮೊದಲೇ ಬರೆದಿಡುವ ಎಕ್ಸ್‌ಎಂಎಲ್ ಕಡತವೇ ಆನ್ಸರ್ ಫೈಲ್. ಇದನ್ನು ಕೈಯಿಂದ ಬರೆಯಬಹುದಾದರೂ ಮೈಕ್ರೋಸಾಫ್ಟ್‌ನ ಎಡಿಕೆ ಎಂಬ ಉಚಿತ ಸಲಕರಣೆಯೊಳಗೆ ಬರುವ ವಿಂಡೋಸ್ ಸಿಸ್ಟಮ್ ಇಮೇಜ್ ಮ್ಯಾನೇಜರ್‌ನಿಂದ ಬರೆಯುವುದು ಒಳ್ಳೆಯದು, ಏಕೆಂದರೆ ಯಾವ ಸೆಟ್ಟಿಂಗ್ ಯಾವ ಹಂತಕ್ಕೆ ಸೇರಬೇಕು ಎಂಬುದನ್ನು ಅದು ಪರಿಶೀಲಿಸುತ್ತದೆ. ವಿಂಡೋಸ್ ಸೆಟಪ್‌ನಲ್ಲಿ ಒಟ್ಟು 7 ಹಂತಗಳಿವೆ. ನಮಗೆ ಇಲ್ಲಿ ಬೇಕಾಗಿರುವುದು ‘ಸ್ಪೆಷಲೈಸ್’ ಮತ್ತು ‘ಊಬಿ ಸಿಸ್ಟಮ್’ ಎಂಬ ಎರಡು ಮಾತ್ರ (ಊಬಿ, ಅಂದರೆ OOBE, ಹೊಸ ಯಂತ್ರ ಮೊದಲ ಬಾರಿ ಚಾಲೂ ಆದಾಗ ಬರುವ ಪ್ರಶ್ನೆಗಳ ಸರಣಿ).

ಊಬಿ ಸಿಸ್ಟಮ್ ಹಂತದಲ್ಲಿ ‘ಮೈಕ್ರೋಸಾಫ್ಟ್-ವಿಂಡೋಸ್-ಶೆಲ್-ಸೆಟಪ್’ ಎಂಬ ಘಟಕವನ್ನು ಸೇರಿಸಿ, ಅದರೊಳಗಿನ ‘ಊಬಿ’ ವಿಭಾಗದಲ್ಲಿ ‘ಹೈಡ್ ಇಯುಎಲ್‌ಎ ಪೇಜ್’, ‘ಹೈಡ್ ಆನ್‌ಲೈನ್ ಅಕೌಂಟ್ ಸ್ಕ್ರೀನ್ಸ್’, ‘ಹೈಡ್ ವೈರ್‌ಲೆಸ್ ಸೆಟಪ್ ಇನ್ ಊಬಿ’ ಮೂರಕ್ಕೂ ‘ಟ್ರೂ’ ಎಂದು ಕೊಡಿ. ಖಾಸಗಿತನದ ಪರದೆಗೆ ನೇರವಾಗಿ ಸಂಬಂಧಿಸಿದ್ದು ‘ಪ್ರೊಟೆಕ್ಟ್ ಯುವರ್ ಪಿಸಿ’. ಇದಕ್ಕೆ 1 ಎಂದರೆ ಮೈಕ್ರೋಸಾಫ್ಟ್ ಶಿಫಾರಸು ಮಾಡುವ ಆಯ್ಕೆಗಳು, 3 ಎಂದರೆ ಆ ಸ್ವಯಂಚಾಲಿತ ಆಯ್ಕೆಗಳು ಬೇಡ ಎಂದು ಅರ್ಥ. ಬೆಲೆ ಯಾವುದೇ ಇದ್ದರೂ ಅದನ್ನು ಬರೆದಾಗ ಪ್ರಶ್ನೆಗೆ ಉತ್ತರ ಸಿಕ್ಕಂತಾಗಿ ಪರದೆ ಬರುವುದಿಲ್ಲ. ನಾನು 3ನ್ನು ಶಿಫಾರಸು ಮಾಡುತ್ತೇನೆ. ಆದರೆ ಈ ಒಂದು ಅಂಕಿಯ ಮೇಲೆ ಭಾರ ಹಾಕಿ ಕೂರಬೇಡಿ: ಆರು ವಿಷಯಗಳ ಉತ್ತರವನ್ನು ಪಾಲಿಸಿಯ ಮೂಲಕ ಪ್ರತ್ಯೇಕವಾಗಿ ಹಾಕಿ. ಹಾಗೆಯೇ 3ನ್ನು ಕೊಟ್ಟವರು ವಿಂಡೋಸ್ ಅಪ್‌ಡೇಟ್ ಪಾಲಿಸಿಯನ್ನು ಕೂಡ ಸ್ಪಷ್ಟವಾಗಿ ಬರೆದು, ಸುರಕ್ಷತಾ ಅಪ್‌ಡೇಟ್‌ಗಳು ಬರುತ್ತಿವೆ ಎಂದು ಖಚಿತಪಡಿಸಿಕೊಳ್ಳಬೇಕು.

‘ಸ್ಕಿಪ್ ಮೆಷಿನ್ ಊಬಿ’, ‘ಸ್ಕಿಪ್ ಯೂಸರ್ ಊಬಿ’ ಎಂಬ ಎರಡು ಸೆಟ್ಟಿಂಗ್‌ಗಳು ಇಡೀ ಸರಣಿಯನ್ನೇ ಒಂದೇಟಿಗೆ ಹಾರಿಸುತ್ತವೆ ಎಂದು ಹಳೆಯ ಮಾದರಿ ಕಡತಗಳಲ್ಲಿ ಕಾಣುತ್ತದೆ. ಮೈಕ್ರೋಸಾಫ್ಟ್ ಇವನ್ನು ಬಳಕೆಯಿಂದ ಕೈಬಿಟ್ಟಿದೆ. ಇವುಗಳಿಂದ ಯಂತ್ರ ಅರೆಬರೆ ಸ್ಥಿತಿಯಲ್ಲಿ ನಿಲ್ಲುವ ಅಪಾಯವಿದೆ. ಶಾಖೆಗೆ ಕಳಿಸುವ ಯಂತ್ರದಲ್ಲಿ ಇವನ್ನು ಬಳಸಬೇಡಿ.

ಭಾಷೆ ಮತ್ತು ಕೀಬೋರ್ಡ್ ಪ್ರಶ್ನೆಗಳೂ ಬಾರದಿರಬೇಕಾದರೆ ‘ಮೈಕ್ರೋಸಾಫ್ಟ್-ವಿಂಡೋಸ್-ಇಂಟರ್‌ನ್ಯಾಶನಲ್-ಕೋರ್’ ಘಟಕದಲ್ಲಿ ಭಾರತೀಯ ಇಂಗ್ಲಿಷನ್ನು ಮುಖ್ಯ ಭಾಷೆಯಾಗಿ ಇಟ್ಟು, ಕೀಬೋರ್ಡ್ ಸಾಲಿನಲ್ಲಿ ಕನ್ನಡವನ್ನೂ ಸೇರಿಸಿ. ನಿರ್ಣಯ ಪುಸ್ತಕ, ನೋಟಿಸ್, ಸದಸ್ಯರಿಗೆ ಪತ್ರ ಎಲ್ಲವೂ ಕನ್ನಡದಲ್ಲೇ ಆಗುವ ಸಂಘಗಳಲ್ಲಿ ಇದನ್ನು ಆಮೇಲೆ ಪ್ರತಿ ಯಂತ್ರಕ್ಕೂ ಹೋಗಿ ಸೇರಿಸುವುದಕ್ಕಿಂತ ಈಗಲೇ ಮಾಡುವುದು ಎಷ್ಟೋ ಮೇಲು.

ಕಡತಕ್ಕೆ ‘ಆಟೋಅನ್‌ಅಟೆಂಡ್.ಎಕ್ಸ್‌ಎಂಎಲ್’ ಎಂದು ಹೆಸರಿಟ್ಟು ಇನ್‌ಸ್ಟಾಲೇಶನ್ ಪೆನ್ ಡ್ರೈವ್‌ನಲ್ಲಿ, ಯಾವ ಫೋಲ್ಡರ್‌ನ ಒಳಗೂ ಅಲ್ಲದೆ ಮೊದಲ ಮಟ್ಟದಲ್ಲೇ ಇಡಿ. ಸಿಸ್‌ಪ್ರೆಪ್ (ಸಿದ್ಧವಾದ ವಿಂಡೋಸನ್ನು ಬೇರೆ ಯಂತ್ರಗಳಿಗೆ ನಕಲಿಸಲು ಸಜ್ಜುಗೊಳಿಸುವ ಸಲಕರಣೆ) ಮಾಡಿ ಇಮೇಜ್, ಅಂದರೆ ಆ ನಕಲಿನ ಮೂಲ ಪ್ರತಿ, ತಯಾರಿಸುವವರು ಸಿಸ್‌ಪ್ರೆಪ್ ಆಜ್ಞೆಯಲ್ಲೇ ಕಡತದ ಹೆಸರನ್ನು ಕೊಡಬೇಕು. ಯಂತ್ರದ ‘ವಿಂಡೋಸ್’ ಫೋಲ್ಡರ್‌ನೊಳಗಿನ ‘ಪ್ಯಾಂಥರ್’ ಎಂಬಲ್ಲಿ ಹಳೆಯ ಆನ್ಸರ್ ಫೈಲ್ ಒಂದು ಉಳಿದುಕೊಂಡಿದ್ದರೆ ವಿಂಡೋಸ್ ಅದನ್ನೇ ಮೊದಲು ಹಿಡಿಯುತ್ತದೆ, ನಿಮ್ಮ ಪೆನ್ ಡ್ರೈವ್‌ನದನ್ನು ನೋಡುವುದೇ ಇಲ್ಲ; ಬದಲಾವಣೆ ಮಾಡಿದರೂ ಪರಿಣಾಮ ಕಾಣದಿದ್ದಾಗ ಮೊದಲು ನೋಡಬೇಕಾದ ಜಾಗ ಅದು.

ಆನ್ಸರ್ ಫೈಲ್‌ನಲ್ಲಿ ಸ್ಥಳೀಯ ಅಡ್ಮಿನ್ ಖಾತೆಯ ಪಾಸ್‌ವರ್ಡ್ ಬರೆದಿದ್ದರೆ ಅದನ್ನು ಯಾರು ಬೇಕಾದರೂ ಓದಬಹುದು. ಸಿಸ್ಟಮ್ ಇಮೇಜ್ ಮ್ಯಾನೇಜರ್ ಅದನ್ನು ಮರೆಮಾಡಿದಂತೆ ತೋರಿಸಿದರೂ ಅದು ಗೂಢಲಿಪಿಯಲ್ಲ, ಸುಲಭವಾಗಿ ಬಿಡಿಸಬಹುದಾದ ಸಂಕೇತ ಮಾತ್ರ. ಹಾಗಾಗಿ ಆ ಪೆನ್ ಡ್ರೈವ್‌ಗಳನ್ನು ಶಾಖೆಗಳಲ್ಲಿ ಬಿಟ್ಟು ಬರಬೇಡಿ, ಇನ್‌ಸ್ಟಾಲೇಶನ್ ಮುಗಿದ ಕೂಡಲೇ ವಿಂಡೋಸ್‌ನಲ್ಲೇ ಇರುವ ಲ್ಯಾಪ್ಸ್ ಸೌಲಭ್ಯದಿಂದ ಪಾಸ್‌ವರ್ಡ್ ಬದಲಾಗುವಂತೆ ಮಾಡಿ.

ನಾಲ್ಕೈದು ಕಂಪ್ಯೂಟರ್‌ಗಳಷ್ಟೇ ಇರುವ ಕಚೇರಿಗೆ ಇಷ್ಟೆಲ್ಲ ಬೇಕಾಗಿಲ್ಲ. ಪೆನ್ ಡ್ರೈವ್ ತಯಾರಿಸುವ ರೂಫಸ್ ತಂತ್ರಾಂಶದಲ್ಲೇ ದತ್ತಾಂಶ ಸಂಗ್ರಹವನ್ನು ನಿಲ್ಲಿಸಿ ಖಾಸಗಿತನದ ಪ್ರಶ್ನೆಗಳನ್ನು ಹಾರಿಸುವ ಆಯ್ಕೆಯಿದೆ. ಅದು ಒಳಗಿಂದೊಳಗೆ ಒಂದು ಪುಟ್ಟ ಆನ್ಸರ್ ಫೈಲನ್ನೇ ಬರೆಯುತ್ತದೆ.

ಎರಡನೆಯ ಪರದೆ: ಪ್ರತಿ ಬಳಕೆದಾರರ ಮೊದಲ ಲಾಗಿನ್

ಇದಕ್ಕಾಗಿ ಮೈಕ್ರೋಸಾಫ್ಟ್ ವಿಂಡೋಸ್ 10ರ 1809 ಆವೃತ್ತಿಯಿಂದ ಒಂದು ಪಾಲಿಸಿಯನ್ನು ಕೊಟ್ಟಿದೆ. ಗ್ರೂಪ್ ಪಾಲಿಸಿ ಎಡಿಟರ್‌ನಲ್ಲಿ ಕಂಪ್ಯೂಟರ್ ಕಾನ್ಫಿಗರೇಶನ್, ಅಡ್ಮಿನಿಸ್ಟ್ರೇಟಿವ್ ಟೆಂಪ್ಲೇಟ್ಸ್, ವಿಂಡೋಸ್ ಕಾಂಪೊನೆಂಟ್ಸ್, ಊಬಿ ಎಂಬ ದಾರಿಯಲ್ಲಿ ಹೋದರೆ ‘ಡೋಂಟ್ ಲಾಂಚ್ ಪ್ರೈವಸಿ ಸೆಟ್ಟಿಂಗ್ಸ್ ಎಕ್ಸ್‌ಪೀರಿಯನ್ಸ್ ಆನ್ ಯೂಸರ್ ಲಾಗಾನ್’ ಎಂದು ಸಿಗುತ್ತದೆ. ಅದನ್ನು ‘ಎನೇಬಲ್ಡ್’ ಮಾಡಬೇಕು. ಹೆಸರಿನಲ್ಲೇ ‘ಬೇಡ’ ಎಂದಿರುವುದರಿಂದ ‘ಡಿಸೇಬಲ್ಡ್’ ಒತ್ತುವವರು ಇದ್ದಾರೆ, ಗಮನವಿರಲಿ. ರಿಜಿಸ್ಟ್ರಿಯಲ್ಲಾದರೆ ಲೋಕಲ್ ಮೆಷಿನ್‌ನ ಸಾಫ್ಟ್‌ವೇರ್, ಪಾಲಿಸೀಸ್, ಮೈಕ್ರೋಸಾಫ್ಟ್, ವಿಂಡೋಸ್, ಊಬಿ ಎಂಬಲ್ಲಿ ‘ಡಿಸೇಬಲ್ ಪ್ರೈವಸಿ ಎಕ್ಸ್‌ಪೀರಿಯನ್ಸ್’ ಎಂಬ ಡಿವರ್ಡ್ ಮೌಲ್ಯಕ್ಕೆ 1 ಕೊಡುವುದು ಇದಕ್ಕೆ ಸಮ.

ಡೊಮೇನ್‌ನಿಂದ ಪಾಲಿಸಿ ಬರುತ್ತದೆ ಎಂದು ನಂಬಿ ಕೂರುವುದು ಎಲ್ಲ ಕಡೆ ಸಾಲದು. ಮಳೆಗಾಲದಲ್ಲಿ ಲೈನ್ ಹೋಗಿ ಬರುವ ಒಳನಾಡಿನ ಶಾಖೆಯಲ್ಲಿ, ವಿಪಿಎನ್ ಸಂಪರ್ಕ ಸಿಗುವ ಮೊದಲೇ ಸಿಬ್ಬಂದಿ ಯಂತ್ರ ತೆರೆದರೆ ಪಾಲಿಸಿ ಇನ್ನೂ ತಲುಪಿರುವುದಿಲ್ಲ, ಪರದೆ ಬಂದುಬಿಡುತ್ತದೆ. ಆದ್ದರಿಂದ ಆನ್ಸರ್ ಫೈಲ್‌ನ ಸ್ಪೆಷಲೈಸ್ ಹಂತದಲ್ಲಿ, ‘ಮೈಕ್ರೋಸಾಫ್ಟ್-ವಿಂಡೋಸ್-ಡಿಪ್ಲಾಯ್‌ಮೆಂಟ್’ ಘಟಕದ ‘ರನ್ ಸಿಂಕ್ರನಸ್’ ಅಡಿಯಲ್ಲಿ ‘ರೆಗ್ ಆ್ಯಡ್’ ಆಜ್ಞೆಯೊಂದನ್ನು ಬರೆದು ಈ ಮೌಲ್ಯವನ್ನು ಯಂತ್ರದೊಳಗೇ ಇಟ್ಟುಬಿಡಿ. ಆಗ ಮೊದಲ ಲಾಗಿನ್‌ಗೆ ಮುಂಚೆಯೇ ಅದು ಅಲ್ಲಿರುತ್ತದೆ, ಡೊಮೇನ್ ಪಾಲಿಸಿ ಬಂದಾಗ ಅದೂ ಅದನ್ನೇ ಹೇಳುತ್ತದೆ.

ಆರು ಉತ್ತರಗಳನ್ನೂ ಇದೇ ರೀತಿ ಪಾಲಿಸಿಯಾಗಿ ಇಡಬೇಕು. ‘ಅಲೌ ಡಯಾಗ್ನಾಸ್ಟಿಕ್ ಡೇಟಾ’ (ಹಳೆಯ ಟೆಂಪ್ಲೇಟ್‌ಗಳಲ್ಲಿ ‘ಅಲೌ ಟೆಲಿಮೆಟ್ರಿ’) ಡೇಟಾ ಕಲೆಕ್ಷನ್ ಅಡಿಯಲ್ಲಿದೆ; ‘ಟರ್ನ್ ಆಫ್ ಲೊಕೇಶನ್’ ಲೊಕೇಶನ್ ಅಂಡ್ ಸೆನ್ಸರ್ಸ್ ಅಡಿಯಲ್ಲಿದೆ; ‘ಟರ್ನ್ ಆಫ್ ದಿ ಅಡ್ವರ್ಟೈಸಿಂಗ್ ಐಡಿ’ ಸಿಸ್ಟಮ್‌ನೊಳಗಿನ ಯೂಸರ್ ಪ್ರೊಫೈಲ್ಸ್‌ನಲ್ಲಿ ಸಿಗುತ್ತದೆ; ಟೈಪಿಂಗ್‌ನದು ಟೆಕ್ಸ್ಟ್ ಇನ್‌ಪುಟ್ ಎಂಬಲ್ಲಿದೆ; ಫೈಂಡ್ ಮೈ ಡಿವೈಸ್‌ಗೆ ಅದರದೇ ಹೆಸರಿನ ವಿಭಾಗವಿದೆ. ಟೇಲರ್ಡ್ ಎಕ್ಸ್‌ಪೀರಿಯನ್ಸಸ್ ಮಾತ್ರ ಬೇರೆ: ಅದು ಯೂಸರ್ ಕಾನ್ಫಿಗರೇಶನ್‌ನ ಕ್ಲೌಡ್ ಕಂಟೆಂಟ್ ಅಡಿಯಲ್ಲಿರುವ ಬಳಕೆದಾರರ ಪಾಲಿಸಿ. ಡೊಮೇನ್ ಇಲ್ಲದ ಕಚೇರಿಯಲ್ಲಿ ಅದನ್ನು ಮೈಕ್ರೋಸಾಫ್ಟ್‌ನ ಸೆಕ್ಯುರಿಟಿ ಕಂಪ್ಲಯನ್ಸ್ ಟೂಲ್‌ಕಿಟ್‌ನಲ್ಲಿರುವ ಎಲ್‌ಜಿಪಿಒ ಎಂಬ ಸಲಕರಣೆಯಿಂದ ಸ್ಥಳೀಯ ಪಾಲಿಸಿಯಾಗಿ ಹಾಕಬಹುದು. ಹೋಮ್ ಆವೃತ್ತಿಯ ವಿಂಡೋಸ್‌ನಲ್ಲಿ ಗ್ರೂಪ್ ಪಾಲಿಸಿ ಎಡಿಟರ್ ಇಲ್ಲ, ಡೊಮೇನ್‌ಗೆ ಸೇರಿಸುವುದಕ್ಕೂ ಆಗುವುದಿಲ್ಲ; ಅಂಗಡಿಯವರು ಕಡಿಮೆ ಬೆಲೆಗೆ ಕೊಡುತ್ತಾರೆಂದು ಕಚೇರಿಗೆ ಅದನ್ನು ಕೊಳ್ಳಬೇಡಿ.

ಇಂಟ್ಯೂನ್ (ಯಂತ್ರಗಳನ್ನು ನಿರ್ವಹಿಸುವ ಮೈಕ್ರೋಸಾಫ್ಟ್‌ನ ಕ್ಲೌಡ್ ಸೇವೆ) ಮೂಲಕ ಆಟೋಪೈಲಟ್ (ಹೊಸ ಯಂತ್ರವನ್ನು ಇಂಟರ್‌ನೆಟ್‌ನಿಂದಲೇ ಸಿದ್ಧಪಡಿಸುವ ವ್ಯವಸ್ಥೆ) ಬಳಸುವ ಸಂಸ್ಥೆಗಳಿಗೆ ದಾರಿ ಚಿಕ್ಕದು. ಡಿಪ್ಲಾಯ್‌ಮೆಂಟ್ ಪ್ರೊಫೈಲ್‌ನಲ್ಲಿ ‘ಪ್ರೈವಸಿ ಸೆಟ್ಟಿಂಗ್ಸ್’ ಎದುರು ‘ಹೈಡ್’ ಎಂದು ಆರಿಸಬೇಕು. ಅಲ್ಲಿಯೂ ಮೇಲಿನ ಪಾಲಿಸಿಗಳನ್ನು ಸೆಟ್ಟಿಂಗ್ಸ್ ಕ್ಯಾಟಲಾಗ್‌ನಿಂದ ಬೇರೆಯಾಗಿಯೇ ಕಳಿಸಬೇಕು. ‘ಹೈಡ್’ ಎಂಬುದು ಪರದೆಯ ಬಗ್ಗೆ ಮಾತ್ರ ಹೇಳುತ್ತದೆ. ಇಮೇಜೂ ಇಲ್ಲ, ಇಂಟ್ಯೂನೂ ಇಲ್ಲ ಎನ್ನುವವರು ವಿಂಡೋಸ್ ಕಾನ್ಫಿಗರೇಶನ್ ಡಿಸೈನರ್‌ನಲ್ಲಿ ಪ್ರೊವಿಷನಿಂಗ್ ಪ್ಯಾಕೇಜ್ (ಸೆಟ್ಟಿಂಗ್‌ಗಳನ್ನು ಒಟ್ಟುಗೂಡಿಸಿದ ಕಡತ) ಮಾಡಿ ಪೆನ್ ಡ್ರೈವ್‌ನಲ್ಲಿ ಒಯ್ಯಬಹುದು. ಹೊಸ ಯಂತ್ರದ ಮೊದಲ ಪರದೆಯಲ್ಲಿ ವಿಂಡೋಸ್ ಕೀಲಿಯನ್ನು 5 ಬಾರಿ ಒತ್ತಿದರೆ ಅದನ್ನು ಹಾಕುವ ಆಯ್ಕೆ ತೆರೆಯುತ್ತದೆ.

ಪರೀಕ್ಷೆ

ಎಲ್ಲ ಯಂತ್ರಗಳಿಗೂ ಹರಡುವ ಮೊದಲು ಹೈಪರ್-ವಿಯಂತಹ ವರ್ಚುವಲ್ ಯಂತ್ರವೊಂದರಲ್ಲಿ ಪೂರ್ತಿ ಇನ್‌ಸ್ಟಾಲೇಶನ್ ನಡೆಸಿ. ಒಬ್ಬ ಬಳಕೆದಾರರಾಗಿ ಲಾಗಿನ್ ಆಗಿ ನೋಡಿದರೆ ಸಾಲದು. ಹೊಸದಾಗಿ ಇನ್ನೊಂದು ಖಾತೆ ಸೃಷ್ಟಿಸಿ ಅದರಲ್ಲೂ ಲಾಗಿನ್ ಆಗಿ, ಆಗ ಮಾತ್ರ ಎರಡನೆಯ ಪರದೆ ನಿಂತಿದೆಯೇ ಎಂಬುದು ತಿಳಿಯುತ್ತದೆ. ಆಮೇಲೆ ಸೆಟ್ಟಿಂಗ್ಸ್‌ನ ‘ಪ್ರೈವಸಿ ಅಂಡ್ ಸೆಕ್ಯುರಿಟಿ’ ತೆರೆದು, ನೀವು ಕಾಗದದಲ್ಲಿ ಬರೆದಿಟ್ಟ ಆರು ಉತ್ತರಗಳನ್ನು ಒಂದೊಂದಾಗಿ ಹೋಲಿಸಿ. ಪಾಲಿಸಿ ತಾಗಿದ ಕಡೆ ಈ ಆಯ್ಕೆಯನ್ನು ಸಂಸ್ಥೆ ನಿರ್ವಹಿಸುತ್ತಿದೆ ಎಂಬ ಸಾಲು ಕಾಣಬೇಕು. ಆನ್ಸರ್ ಫೈಲ್ ಕೆಲಸ ಮಾಡದಿದ್ದರೆ ಪ್ಯಾಂಥರ್ ಫೋಲ್ಡರ್‌ನೊಳಗಿನ ‘ಅನ್‌ಅಟೆಂಡ್‌ಜಿಸಿ’ಯಲ್ಲಿರುವ ‘ಸೆಟಪ್‌ಆ್ಯಕ್ಟ್’ ಲಾಗ್ ಓದಿ; ಹೆಚ್ಚಿನ ಬಾರಿ ಕಾರಣ ಸೆಟ್ಟಿಂಗ್ ತಪ್ಪು ಹಂತದಲ್ಲಿರುವುದು ಅಥವಾ ಪ್ರೊಸೆಸರ್ ವಿಧ ಹೊಂದದಿರುವುದು.

ಸಿಬ್ಬಂದಿಗೆ ತಿಳಿಸುವುದು

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ 7ನೆಯ ಕಲಮು ಉದ್ಯೋಗದ ಉದ್ದೇಶಗಳಿಗಾಗಿ ದತ್ತಾಂಶ ಬಳಸಲು ಉದ್ಯೋಗದಾತರಿಗೆ ಅವಕಾಶ ಕೊಡುತ್ತದೆ. ಆ ಅವಕಾಶವನ್ನೇ ಮುಂದಿಟ್ಟು, ತಮ್ಮ ಪರವಾಗಿ ಕೊಟ್ಟ ಉತ್ತರವನ್ನು ಸಿಬ್ಬಂದಿಗೆ ಹೇಳದೆ ಇರುವುದು ಸರಿಯೆಂದು ನನಗೆ ತೋರುವುದಿಲ್ಲ. ಪರದೆ ಬಂದಿದ್ದರೆ ಅವರಿಗೆ ಕನಿಷ್ಠ ಪ್ರಶ್ನೆಯಾದರೂ ಗೊತ್ತಾಗುತ್ತಿತ್ತು. ಒಂದು ಪುಟ ಸಾಕು, ಅದೂ ಸರಳ ಕನ್ನಡದಲ್ಲಿ. ನಾನು ಸೂಚಿಸುವ ಒಕ್ಕಣೆ ಇದು:

“ಈ ಕಂಪ್ಯೂಟರ್ ಸಂಸ್ಥೆಗೆ ಸೇರಿದ್ದು. ಮೊದಲ ಲಾಗಿನ್‌ನಲ್ಲಿ ವಿಂಡೋಸ್ ಕೇಳುವ ಖಾಸಗಿತನದ ಪ್ರಶ್ನೆಗಳಿಗೆ ಸಂಸ್ಥೆಯೇ ಉತ್ತರಿಸಿರುವುದರಿಂದ ಆ ಪರದೆ ನಿಮಗೆ ಕಾಣುವುದಿಲ್ಲ. ಸ್ಥಳದ ಮಾಹಿತಿ, ಜಾಹೀರಾತು ಗುರುತು, ಟೈಪಿಂಗ್ ಮಾದರಿ ಕಳಿಸುವಿಕೆ ಆಫ್ ಆಗಿವೆ. ಯಂತ್ರದ ಸುರಕ್ಷತೆಗೆ ಬೇಕಾದ ಕನಿಷ್ಠ ಮಾಹಿತಿ ಮೈಕ್ರೋಸಾಫ್ಟ್‌ಗೆ ಹೋಗುತ್ತದೆ. ನಿಮ್ಮ ಕೆಲಸಕ್ಕೆ ಇವುಗಳಲ್ಲಿ ಯಾವುದಾದರೂ ಬೇಕಿದ್ದರೆ ಕಂಪ್ಯೂಟರ್ ವಿಭಾಗಕ್ಕೆ ಬರೆದು ಕೇಳಿ.”

ಇದಕ್ಕೆ ಸಹಿ ಪಡೆದು ಕಡತದಲ್ಲಿಡುವುದಕ್ಕಿಂತ, ಶಾಖೆಯ ಸೂಚನಾ ಫಲಕದಲ್ಲಿ ಹಾಕಿ, ಯಂತ್ರ ಒಪ್ಪಿಸುವಾಗ ಒಮ್ಮೆ ಓದಿ ಹೇಳುವುದು ಹೆಚ್ಚು ಉಪಯುಕ್ತ. ಕೌಂಟರ್‌ನಲ್ಲಿ ತುಳುವಿನಲ್ಲೋ ಕೊಂಕಣಿಯಲ್ಲೋ ವ್ಯವಹರಿಸುವವರಿಗೆ ಅದನ್ನು ಅವರ ಮಾತಿನಲ್ಲೇ ವಿವರಿಸಿ.

ಪರದೆಯನ್ನು ಮರೆಮಾಡಬಾರದ ಯಂತ್ರಗಳು

ಸಿಬ್ಬಂದಿ ಸ್ವಂತ ಹಣದಿಂದ ಕೊಂಡು ಕಚೇರಿ ಕೆಲಸಕ್ಕೂ ಬಳಸುವ ಲ್ಯಾಪ್‌ಟಾಪ್‌ಗಳಿಗೆ ಇದಾವುದೂ ಅನ್ವಯಿಸದು. ಕಾಲೇಜು ವಿದ್ಯಾರ್ಥಿಗಳಿಗೆ ಕೊಟ್ಟುಬಿಡುವ ಯಂತ್ರಗಳಿಗೂ ಅಷ್ಟೆ. ಅಲ್ಲಿ ಉತ್ತರಿಸುವ ಹಕ್ಕು ಅದರ ಒಡೆಯರದು.

ಹಾಗೆಯೇ ಸೇವೆ ಮುಗಿದ ಕಂಪ್ಯೂಟರನ್ನು ಸಿಬ್ಬಂದಿಗೆ ಮಾರುವಾಗ ಅಥವಾ ಊರಿನ ಶಾಲೆಗೆ ಕೊಡುವಾಗ, ಡಿಸ್ಕನ್ನು ಪೂರ್ತಿ ಅಳಿಸಿ, ಆನ್ಸರ್ ಫೈಲ್ ಇಲ್ಲದ ಶುದ್ಧ ಪೆನ್ ಡ್ರೈವ್‌ನಿಂದ ವಿಂಡೋಸ್ ಹಾಕಿ, ಮೊದಲ ಪ್ರಶ್ನೆಯ ಪರದೆ ಬಂದಲ್ಲಿಗೆ ಯಂತ್ರ ಆರಿಸಿ ಒಪ್ಪಿಸಿ. ಆಟೋಪೈಲಟ್‌ಗೆ ನೋಂದಾಯಿಸಿದ ಯಂತ್ರವಾದರೆ ಆ ನೋಂದಣಿಯನ್ನೂ ಇಂಟ್ಯೂನ್‌ನಿಂದ ತೆಗೆದುಹಾಕಬೇಕು. ಇಲ್ಲದಿದ್ದರೆ ಶಾಲೆಯಲ್ಲಿ ಇಂಟರ್‌ನೆಟ್‌ಗೆ ಜೋಡಿಸಿದ ಕೂಡಲೇ ಅದು ಮತ್ತೆ ನಿಮ್ಮ ಸಂಸ್ಥೆಯ ಲಾಗಿನ್ ಕೇಳುತ್ತದೆ.